ಚರ್ಮದ ತಿದಿಯ ವಂಶ

ಅಣ್ಣ ತೀರಿಕೊಂಡು ಆರು ತಿಂಗಳಾದ ಮೇಲೆ ಅವನ ಗಾಡಿಯನ್ನು ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. 1955ರ ಎಂ.ಜಿ. ಮ್ಯಾಗ್ನೆಟ್. ಚಿಕ್ಕಮಗಳೂರಿನ ಕಡೆಯ ತೋಟದವರೊಬ್ಬರಿಂದ ಅಣ್ಣ ಅದನ್ನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಆಮೇಲೆ ನಲವತ್ತು ವರ್ಷ ಅದು ನಮ್ಮ ಮನೆಯ ಜಗಲಿಯ ಮುಂದೆಯೇ ನಿಂತಿತ್ತು. ಭಾನುವಾರ ಬೆಳಿಗ್ಗೆ ಅಣ್ಣ ಬಾನೆಟ್ಟು ತೆರೆದು, ಕಾಫಿಯ ಲೋಟವನ್ನು ಮಡ್‌ಗಾರ್ಡಿನ ಮೇಲಿಟ್ಟು, ಎಂಜಿನ್ನು ಹಚ್ಚುತ್ತಿದ್ದ. ಲೋಟದ ಕಾಫಿ ಕಲಕುತ್ತಿರಲಿಲ್ಲ. ಅದು ಅವನ ಪರೀಕ್ಷೆ, ಅವನ ಹೆಮ್ಮೆ, ಮತ್ತು ನಮ್ಮಂಥವರ ಎದುರಿಗೆ ಸ್ವಲ್ಪ ಪ್ರದರ್ಶನವೂ ಹೌದು.

ಕೊಳ್ಳಲು ಬಂದ ಗೃಹಸ್ಥರ ಮುಂದೆ ನಾನು ಗಾಡಿ ಹಚ್ಚಿದಾಗ ಲೋಟ ಇಟ್ಟಿದ್ದರೆ ಉರುಳಿ ಬೀಳುತ್ತಿತ್ತು. ನಿಂತಲ್ಲೇ ಗಾಡಿಗೆ ಚಳಿಜ್ವರ. ಆಕ್ಸಿಲರೇಟರು ಒತ್ತಿದರೆ ಪರವಾಗಿಲ್ಲ, ಕಾಲು ತೆಗೆದೊಡನೆ ಕುಂಟು, ಕೆಮ್ಮು, ಕೊನೆಗೊಂದು ನಿಟ್ಟುಸಿರು. ಆ ಗೃಹಸ್ಥರು ಸಭ್ಯರು. “ಎಂಜಿನ್ ಪೂರಾ ಇಳಿಸಬೇಕಾಗುತ್ತೇನೋ” ಎಂದು ಮೆಲ್ಲಗೆ ಹೇಳಿ, ಬೆಲೆಯನ್ನು ಮೂರನೇ ಒಂದು ಪಾಲು ಇಳಿಸಿ, ಎರಡು ವಾರ ಬಿಟ್ಟು ಬರುವುದಾಗಿ ತಿಳಿಸಿ ಹೋದರು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. “ದುಡ್ಡು ಹೋದರೆ ಹೋಗಲಿ. ಅವರು ಇದನ್ನ ಹೀಗೆ ಇಟ್ಟುಕೊಂಡಿದ್ದರು ಅಂತ ಆತ ತಿಳಕೊಂಡು ಹೋದರಲ್ಲ” ಎಂದರು. ಆ ಮಾತು ನನ್ನನ್ನು ಕಾಡಿತು.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು. ಯಂತ್ರವೆಂದರೆ ಅಂತರ. ಆದರೆ ರೋಗ ತಿಳಿಯದಿದ್ದಾಗ ರೋಗಿಯ ವಂಶಾವಳಿಯನ್ನು ಕೇಳುವುದು ನಮ್ಮ ಕಸುಬಿನವರ ಚಾಳಿ. ಅಣ್ಣನ ಕಪಾಟಿನಲ್ಲಿದ್ದ ಕೈಪಿಡಿಗಳನ್ನೂ ಅವನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಒಂದು ನೋಟುಪುಸ್ತಕವನ್ನೂ ಎದುರಿಗಿಟ್ಟುಕೊಂಡು ಕುಳಿತೆ. ಅಲ್ಲಿ ಸಿಕ್ಕ ಕಥೆ ಒಂದು ಚಪ್ಪಲಿ ಅಂಗಡಿಯಿಂದ ಆರಂಭವಾಗುತ್ತದೆ ಎಂದರೆ ಓದುಗರು ನಂಬಬೇಕು.

ಪೆಟ್ರೋಲು ಹಾಗೆಯೇ ಉರಿಯುವುದಿಲ್ಲ. ಅದನ್ನು ಗಾಳಿಯೊಡನೆ ಒಂದು ಹದದಲ್ಲಿ ಬೆರೆಸಬೇಕು. ತೂಕದ ಲೆಕ್ಕದಲ್ಲಿ ಸುಮಾರು ಹದಿನೈದು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು. ಬೆರೆಸುವ ಪಾತ್ರೆಯೇ ಕಾರ್ಬ್ಯುರೇಟರು. ಮೊದಮೊದಲಿನ ಗಾಡಿಗಳಲ್ಲಿ ಬತ್ತಿಯ ಮೇಲೆ ಗಾಳಿ ಹಾಯಿಸಿ ಪೆಟ್ರೋಲಿನ ಆವಿಯನ್ನು ಒಯ್ಯುತ್ತಿದ್ದರು. 1893ರ ಸುಮಾರಿಗೆ ಜರ್ಮನಿಯ ವಿಲ್‌ಹೆಲ್ಮ್ ಮೈಬಾಕ್ ಸಣ್ಣ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿ ಚಿಮ್ಮಿಸುವ ಉಪಾಯ ತಂದ. ಅದು ದೊಡ್ಡ ಹೆಜ್ಜೆಯೇ. ಆದರೆ ರಂಧ್ರವೂ ಗಾಳಿಯ ದಾರಿಯೂ ಒಂದೇ ಅಳತೆಯವು. ಎಂಜಿನ್ನಿನ ಹಸಿವು ಮಾತ್ರ ಕ್ಷಣಕ್ಕೊಂದು ಬಗೆ. ನಿಂತಾಗ ಅದಕ್ಕೆ ಚಮಚೆಯಷ್ಟು ಸಾಕು, ಏರು ಹತ್ತುವಾಗ ಕೊಡದಷ್ಟು ಬೇಕು. ಒಂದೇ ಅಳತೆಯ ಬಾಯಿ ಎರಡಕ್ಕೂ ಹೊಂದುವುದು ಹೇಗೆ?

ಲಂಡನ್ನಿನಲ್ಲಿ ಲಿಲ್ಲಿ ಅಂಡ್ ಸ್ಕಿನ್ನರ್ ಎಂಬ ಹೆಸರಾಂತ ಪಾದರಕ್ಷೆಯ ವ್ಯಾಪಾರವಿತ್ತು. ಆ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರನಿಗೆ ಮೋಟಾರಿನ ಹುಚ್ಚು. ಅವನಿಗಿಂತ ಹತ್ತು ವರ್ಷ ಕಿರಿಯ ತಮ್ಮ ಕಾರ್ಲನಿಗೆ ಅದಕ್ಕಿಂತ ಹೆಚ್ಚಿನ ಹುಚ್ಚು. 1904ರಲ್ಲಿ ಹರ್ಬರ್ಟ್ ಒಂದು ಹೊಸ ಬಗೆಯ ಕಾರ್ಬ್ಯುರೇಟರನ್ನು ರೂಪಿಸಿದ. ಮರು ವರ್ಷ ಪೇಟೆಂಟಿಗೆ ಅರ್ಜಿ ಹಾಕಿದ, 1906ರ ಆರಂಭದಲ್ಲಿ ಅದು ಸಿಕ್ಕಿತು. ಅವನ ಯೋಚನೆ ಸರಳ: ಬಾಯಿಯ ಅಳತೆಯನ್ನು ನಾವೇಕೆ ನಿಶ್ಚಯಿಸಬೇಕು, ಎಂಜಿನ್ನೇ ನಿಶ್ಚಯಿಸಿಕೊಳ್ಳಲಿ. ಗಾಳಿಯ ದಾರಿಗೆ ಅಡ್ಡಲಾಗಿ ಮೇಲೆ ಕೆಳಗೆ ಆಡುವ ಒಂದು ತಡೆ. ಆ ತಡೆಯನ್ನು ಎತ್ತಲು ಒಂದು ತಿದಿ. ಎಂಜಿನ್ನು ಹೆಚ್ಚು ಉಸಿರೆಳೆದರೆ ತಿದಿ ತಡೆಯನ್ನು ಮೇಲಕ್ಕೆ ಸೆಳೆಯುತ್ತದೆ, ದಾರಿ ಅಗಲವಾಗುತ್ತದೆ. ಕಡಿಮೆ ಎಳೆದರೆ ತಡೆ ತನ್ನ ತೂಕದಿಂದಲೇ ಇಳಿಯುತ್ತದೆ. ಆ ತಡೆಗೆ ಕಟ್ಟಿದ, ತುದಿಗೆ ಸಣ್ಣಗಾಗುತ್ತ ಹೋಗುವ ಸೂಜಿಯೊಂದು ಪೆಟ್ರೋಲಿನ ರಂಧ್ರದೊಳಗೆ ಏರಿಳಿಯುತ್ತ, ಗಾಳಿಗೆ ತಕ್ಕಷ್ಟೇ ಪೆಟ್ರೋಲು ಬಿಡುತ್ತದೆ. ಇಷ್ಟೆ.

ಆ ಮೊದಲ ತಿದಿ ಚರ್ಮದ್ದು. ಜೋಡು ಮಾಡುವವರ ಮನೆಯಲ್ಲಿ ಚರ್ಮಕ್ಕೇನು ಬರ? ಅದನ್ನು ಹೊಲಿದವಳು ಹರ್ಬರ್ಟನ ಹೆಂಡತಿ ಮೇಬಲ್. ತಾಯಿ ಕುಳಿತು ತಿದಿ ಹೊಲಿಯುತ್ತಿದ್ದುದು ಅವಳ ಮಗನಿಗೆ ದೊಡ್ಡವನಾದ ಮೇಲೂ ನೆನಪಿತ್ತಂತೆ. ಆ ಕಾರ್ಬ್ಯುರೇಟರು 1934ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಪೇಟೆಂಟಿನ ಕಾಗದದಲ್ಲಿ ಹರ್ಬರ್ಟನ ಹೆಸರಿದೆ. ನಾನು ಓದಿದ ಪಠ್ಯಪುಸ್ತಕಗಳಲ್ಲಿ ಯಂತ್ರಗಳ ಇತಿಹಾಸವೆಂದರೆ ಗಂಡಸರ ಹೆಸರುಗಳ ಪಟ್ಟಿ. ಸೂಜಿ ದಾರ ಹಿಡಿದವರು ಅಲ್ಲಿ ಕಾಣುವುದು ಅಪರೂಪ.

1910ರಲ್ಲಿ ಎಸ್.ಯು. ಕಂಪನಿ ಸ್ಥಾಪನೆಯಾಯಿತು. ಎಸ್ ಎಂದರೆ ಸ್ಕಿನ್ನರ್, ಯು ಎಂದರೆ ಯೂನಿಯನ್. ಹರ್ಬರ್ಟ್ ಜೋಡಿನ ವ್ಯಾಪಾರವನ್ನು ಬಿಡಲಿಲ್ಲ. ಪಾಲು ಮಾರಿ ಈ ಕಡೆಗೆ ಬಂದವನು ಕಾರ್ಲ್. ಮಾಲು ಒಳ್ಳೆಯದು, ಮಾರಾಟ ಕಡಿಮೆ. ಮೊದಲನೆಯ ಮಹಾಯುದ್ಧದಲ್ಲಿ ಕಾರ್ಖಾನೆ ಮೆಷಿನ್‌ಗನ್ನಿನ ಭಾಗಗಳನ್ನು ಮಾಡಿತು. ಕೊನೆಗೆ 1926ರಲ್ಲಿ ನಷ್ಟದಲ್ಲಿದ್ದ ಕಂಪನಿಯನ್ನು ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಕೊಂಡುಕೊಂಡ. ಸೈಕಲ್ ರಿಪೇರಿಯಿಂದ ಮೇಲೆ ಬಂದು ಮುಂದೆ ಲಾರ್ಡ್ ನಫೀಲ್ಡ್ ಆದವನು. ಕಾರ್ಲನನ್ನೇ ಮುಖ್ಯಸ್ಥನಾಗಿ ಉಳಿಸಿಕೊಂಡ. ಅವನು 1948ರವರೆಗೆ ಅಲ್ಲಿದ್ದ. ಮಾರಿಸನ ಮಾರಾಟದ ಮಳಿಗೆಯ ವ್ಯವಸ್ಥಾಪಕ ಸೆಸಿಲ್ ಕಿಂಬರ್ ಹುಟ್ಟುಹಾಕಿದ್ದೇ ಎಂ.ಜಿ., ಅಂದರೆ ಮಾರಿಸ್ ಗ್ಯಾರೇಜಸ್. ಹೀಗೆ ಎಂ.ಜಿ.ಯೂ ಎಸ್.ಯು.ವೂ ಒಂದೇ ಮನೆಯ ಮಕ್ಕಳಾದವು.

ಈ ನಡುವೆ ನಡೆದ ಒಂದು ಬದಲಾವಣೆ ನಮ್ಮ ಕಥೆಗೆ ಮುಖ್ಯ. ಚರ್ಮ ಒಣಗುತ್ತದೆ, ಬಿರಿಯುತ್ತದೆ. ಆದುದರಿಂದ ತಿದಿಯನ್ನು ತೆಗೆದು ಅದರ ಜಾಗದಲ್ಲಿ ಲೋಹದ ಪಿಸ್ಟನ್ನನ್ನು ಇಟ್ಟರು. ಮೇಲೆ ಗಂಟೆಯಾಕಾರದ ಒಂದು ಮುಚ್ಚಳ. ಅದರೊಳಗೆ ಪಿಸ್ಟನ್ನು ಏರಿಳಿಯುತ್ತದೆ. ಆ ಪಿಸ್ಟನ್ನಿಗೆ ಉಂಗುರಗಳಿಲ್ಲ, ತೊಗಲಿನ ಅಂಚಿಲ್ಲ. ಅದರ ಅಂಚು ಮುಚ್ಚಳದ ಗೋಡೆಯನ್ನು ಮುಟ್ಟಲೂ ಕೂಡದು, ಅದರಿಂದ ದೂರ ಇರಲೂ ಕೂಡದು. ನಡುವೆ ಇರಬೇಕಾದ ಸಂದು ಇಂಚಿನ ಕೆಲವು ಸಾವಿರದೊಂದು ಭಾಗ. ಕಾರ್ಖಾನೆಯಲ್ಲಿ ಪ್ರತಿ ಪಿಸ್ಟನ್ನಿಗೂ ಅದಕ್ಕೆ ಒಪ್ಪುವ ಮುಚ್ಚಳವನ್ನು ಆರಿಸಿ ಜೋಡಿ ಮಾಡುತ್ತಿದ್ದರು. ಇದನ್ನು ಓದಿದೆ, ಮುಂದಕ್ಕೆ ಹೋದೆ. ಆಗ ಅದರ ಮಹತ್ವ ನನಗೆ ಹೊಳೆಯಲಿಲ್ಲ.

ಎರಡನೆಯ ಮಹಾಯುದ್ಧದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ, ಗಾಡಿಯ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಎಸ್.ಯು. ಕಂಪನಿಯದೇ ಕಾರ್ಬ್ಯುರೇಟರು. 1940ರ ಕಾಳಗದಲ್ಲಿ ಒಂದು ಭಯಂಕರ ದೋಷ ಕಂಡಿತು. ವೈರಿಯನ್ನು ಅಟ್ಟುತ್ತ ವಿಮಾನದ ಮೂತಿಯನ್ನು ಥಟ್ಟನೆ ಕೆಳಕ್ಕೆ ಬಾಗಿಸಿದರೆ, ತೊಟ್ಟಿಯ ಪೆಟ್ರೋಲು ತಳಬಿಟ್ಟು ಮೇಲಕ್ಕೆ ನೆಗೆದು, ಎಂಜಿನ್ನು ಮೊದಲು ಉಪವಾಸಬಿದ್ದು, ಮರುಕ್ಷಣ ಅತಿಯಾದ ಪೆಟ್ರೋಲಿನಲ್ಲಿ ಮುಳುಗಿ ನಿಲ್ಲುತ್ತಿತ್ತು. ಜರ್ಮನರ ಎಂಜಿನ್ನಿಗೆ ಪೆಟ್ರೋಲನ್ನು ಪಂಪಿನಿಂದ ನೇರವಾಗಿ ಚುಚ್ಚುತ್ತಿದ್ದರು. ಅವರಿಗೆ ಈ ಕಾಟವಿಲ್ಲ. ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿದ್ದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇದಕ್ಕೆ ಕಂಡುಹಿಡಿದ ಮದ್ದು, ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲು ಹಾಯುವಂತೆ ಕೊಳವೆಯಲ್ಲಿ ಅದನ್ನು ಕೂರಿಸಿದರೆ ಮುಳುಗುವ ಭಯ ತಪ್ಪಿತು. 1941ರ ಆರಂಭದಲ್ಲಿ ಆಕೆಯೂ ಆಕೆಯ ಚಿಕ್ಕ ತಂಡವೂ ವಾಯುನೆಲೆಯಿಂದ ವಾಯುನೆಲೆಗೆ ತಿರುಗಿ ಬಿಲ್ಲೆಗಳನ್ನು ಕೂರಿಸಿದರು. ಈಕೆ ಬ್ರೂಕ್‌ಲ್ಯಾಂಡ್ಸಿನ ಓಟದ ಹಾದಿಯಲ್ಲಿ ಗಂಟೆಗೆ ನೂರು ಮೈಲಿಗೂ ಮಿಕ್ಕ ವೇಗದಲ್ಲಿ ಮೋಟಾರ್ ಸೈಕಲ್ ಓಡಿಸಿ ಚಿನ್ನದ ನಕ್ಷತ್ರ ಗಳಿಸಿದವಳು. ಮೇಬಲಳ ಸೂಜಿಯ ಪಕ್ಕದಲ್ಲಿ ಈ ಬಿಲ್ಲೆಯನ್ನೂ ಇಡಬೇಕೆಂದು ನನಗೆ ತೋರಿತು.

ಇನ್ನು ನಮ್ಮ ಗಾಡಿ. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾದವು. ಮರುವರ್ಷ ಜೆರಾಲ್ಡ್ ಪಾಮರ್ ರೂಪಿಸಿದ ಮ್ಯಾಗ್ನೆಟ್ ಹೊರಬಂತು. ಎಂಜಿನ್ನು ಆಸ್ಟಿನ್ ಕಡೆಯದು, 1489 ಸಿ.ಸಿ.; ಅದಕ್ಕೆ ಎರಡು ಎಸ್.ಯು. ಕಾರ್ಬ್ಯುರೇಟರು. ಇದೇ ಎಂಜಿನ್ನು ಒಂದೇ ಕಾರ್ಬ್ಯುರೇಟರಿನೊಡನೆ ನಮ್ಮ ಅಂಬಾಸಡರಿನಲ್ಲಿ ವರ್ಷಾನುಗಟ್ಟಲೆ ದುಡಿಯಿತು. ಸೀಮೆಯ ಗಾಡಿಯನ್ನು ಅಣ್ಣ ಬೆಂಗಳೂರಿನಲ್ಲಿ ಅಷ್ಟು ಕಾಲ ಸಾಕಿದ್ದರ ಗುಟ್ಟೂ ಇದೇ. ಅರ್ಧಕ್ಕರ್ಧ ಸಾಮಾನು ಅಂಬಾಸಡರಿನದು ಹೊಂದುತ್ತಿತ್ತು.

ಎರಡು ಮೂಗಿದ್ದರೆ ಉಸಿರಾಟ ಸಲೀಸು, ಶಕ್ತಿ ಹೆಚ್ಚು. ಆದರೆ ಎರಡೂ ಒಂದೇ ಸಮ ಉಸಿರಾಡಬೇಕು. ಜೋರಾಗಿ ಓಡುವಾಗ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ನಿಂತಾಗ, ಬಾಗಿಲುಗಳು ಕೂದಲೆಳೆಯಷ್ಟೇ ತೆರೆದಿರುವಾಗ, ಆ ಕೂದಲೆಳೆಯಲ್ಲಿ ಅರ್ಧದಷ್ಟು ತಪ್ಪಿದರೂ ನಡುಕ. ಜೋಡಿ ಕಾರ್ಬ್ಯುರೇಟರಿನ ಗಾಡಿ ನಿಂತಲ್ಲಿ ನಡುಗುವುದು ಅದಕ್ಕೇ. ನೋಡಿದವರೆಲ್ಲ ಕಾರ್ಬ್ಯುರೇಟರಿಗೇ ಕೈಹಾಕುವುದೂ ಅದಕ್ಕೇ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದಾರೆ. ಒಂದು ಕಾಲದಲ್ಲಿ ಬರೀ ಅಂಬಾಸಡರ್ ಕೆಲಸ ಮಾಡಿದವರು. ಈಗ ಕಣ್ಣು ಮಂಜು. ಅವರನ್ನು ಕರೆತಂದೆ.

“ಕಾರ್ಬೋರೇಟರ್ ಮುಟ್ಟಬೇಡಿ ಸಾರ್,” ಎಂದರು ಮೊದಲೇ. “ಹತ್ತರಲ್ಲಿ ಒಂಬತ್ತು ಸಲ ಕಾರ್ಬೋರೇಟರ್ ತೊಂದರೆ ಇಗ್ನಿಷನ್‌ನಲ್ಲಿರುತ್ತೆ. ಪ್ಲಗ್ ನೋಡಿ, ಪಾಯಿಂಟ್ ನೋಡಿ, ಟ್ಯಾಪೆಟ್ ನೋಡಿ. ಆಮೇಲೆ ಗಾಳಿ ಎಲ್ಲಾದರೂ ಕಳ್ಳತನದಲ್ಲಿ ಒಳಗೆ ಹೋಗ್ತಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಮಾತ್ರ ಅದರ ಹತ್ತಿರ ಹೋಗಿ.”

ಅವರು ಹೇಳಿದ ಕ್ರಮದಲ್ಲೇ ಹೋದೆ. ಮೂರು ದಿನ ಹಿಡಿಯಿತು. ಪಾಯಿಂಟು ಹೊಸದು ಹಾಕಿಸಿದೆ, ಟ್ಯಾಪೆಟ್ಟುಗಳ ಸಂದು ಸರಿಪಡಿಸಿದೆ. ಕಾರ್ಬ್ಯುರೇಟರು ಎಂಜಿನ್ನಿಗೆ ಕೂಡುವ ಕಡೆ ಎಣ್ಣೆಯ ಹನಿ ಬಿಟ್ಟು ನೋಡಿದೆ. ಅಲ್ಲಿ ಗಾಳಿ ನುಗ್ಗುತ್ತಿದ್ದರೆ ಎಣ್ಣೆ ಒಳಕ್ಕೆ ಹೀರಿ, ಸದ್ದು ಬದಲಾಗಬೇಕು. ಬದಲಾಗಲಿಲ್ಲ. ನಡುಕ ಹಾಗೆಯೇ ಇತ್ತು. ಒಂದು ವಿಷಯ ಮಾತ್ರ ತಿಳಿಯಿತು: ಮುಂದಿನ ಎರಡು ಪ್ಲಗ್ಗುಗಳು ಮಸಿಯಾಗಿದ್ದವು, ಹಿಂದಿನ ಎರಡು ಬೂದಿಬಿಳುಪು. ಮಸಿಯೆಂದರೆ ಪೆಟ್ರೋಲು ಹೆಚ್ಚು, ಬಿಳುಪೆಂದರೆ ಕಡಿಮೆ.

ಮೇಸ್ತ್ರಿ ನೋಡಲಾರರು, ಕೇಳಬಲ್ಲರು. ಹೊಗೆಕೊಳವೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕಣ್ಣುಮುಚ್ಚಿದರು. ತೊಡೆಯ ಮೇಲೆ ತಾಳ ಹಾಕತೊಡಗಿದರು. “ಎರಡು ಸರಿ, ಎರಡು ಕುಂಟು. ಒಂದೇ ಕಾಲು ಕುಂಟಿದ್ದರೆ ಪ್ಲಗ್ಗೋ ವಾಲ್ವೋ ಅನ್ನಬಹುದಾಗಿತ್ತು. ಇದು ಜೋಡಿ ಕುಂಟು ಸಾರ್.” ಮನೆಗೆ ಬಂದು ಕೈಪಿಡಿ ತೆರೆದರೆ ಅವರ ತಾಳಕ್ಕೆ ಅರ್ಥ ಸಿಕ್ಕಿತು. ಈ ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಸಿಡಿಯುವ ಕ್ರಮ 1, 3, 4, 2. ಮುಂದಿನ ಕಾರ್ಬ್ಯುರೇಟರಿಗೆ ಒಂದು ಮತ್ತು ಎರಡು ಹತ್ತಿರ, ಹಿಂದಿನದಕ್ಕೆ ಮೂರು ಮತ್ತು ನಾಲ್ಕು. ಎಂದರೆ ಪ್ರತಿ ಕಾರ್ಬ್ಯುರೇಟರೂ ಒಂದರ ಹಿಂದೊಂದು ಎರಡು ತುತ್ತು ಕೊಟ್ಟು, ಎರಡು ತುತ್ತಿನ ಹೊತ್ತು ಸುಮ್ಮನಿರುತ್ತದೆ. ಎರಡನ್ನೂ ಕೂಡಿಸುವ ಸಮತೋಲದ ಕೊಳವೆಯೊಂದಿದ್ದರೂ ಒಂದು ಮೂಗು ಕಟ್ಟಿದರೆ ಕುಂಟು ಜೋಡಿಯಾಗಿಯೇ ಕೇಳಿಸುತ್ತದೆ. ಮರದ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಮೊದಲೆರಡನ್ನು ತೆಗೆದಾಗ ಎಂಜಿನ್ನು ಕುಸಿಯಿತು. ಮೂರು, ನಾಲ್ಕನ್ನು ತೆಗೆದಾಗ ಅದಕ್ಕೆ ಪರಿವೆಯೇ ಇಲ್ಲ.

ಈಗ ಕಾರ್ಬ್ಯುರೇಟರಿನ ಹತ್ತಿರ ಹೋಗಲು ಅಧಿಕಾರ ಬಂತು. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ತಡೆಯಿಲ್ಲದೆ ಇಳಿದು ತಳದ ಸೇತುವೆಗೆ ‘ಟಕ್’ ಎಂದು ತಾಗಬೇಕು. ಮುಂದಿನದು ಟಕ್ ಎಂದಿತು. ಹಿಂದಿನದು ಅರ್ಧ ದಾರಿಯಲ್ಲಿ ಯೋಚನೆಗೆ ಬಿದ್ದಂತೆ ನಿಂತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯಿತು. ಕೊಳೆ ಇರಬಹುದೆಂದು ಎರಡನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಕೊಳೆಯಿರಲಿಲ್ಲ. ಹೊಳೆಯುತ್ತಿದ್ದವು. ಒಣಬಟ್ಟೆಯಿಂದ ಒರಸುತ್ತಿದ್ದಾಗ ಹಿಂದಿನ ಮುಚ್ಚಳದ ಅಂಚಿನಲ್ಲಿ ಅರದಿಂದ ಕೊರೆದ ಎರಡು ಸಣ್ಣ ಗೀರುಗಳು ಕಂಡವು. ಅದರೊಳಗಿಂದ ತೆಗೆದಿದ್ದ ಪಿಸ್ಟನ್ನಿನ ತಲೆಯ ಮೇಲೆ ಒಂದೇ ಗೀರು. ಮುಂದಿನ ಮುಚ್ಚಳಕ್ಕೆ ಒಂದು ಗೀರು, ಅದರ ಪಿಸ್ಟನ್ನಿಗೆ ಎರಡು.

ನಾನು ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಗೀರು ಅಣ್ಣನವು. ನೋಟುಪುಸ್ತಕದ ಒಳರಟ್ಟಿನಲ್ಲಿ ಅವನೇ ಬರೆದಿದ್ದ: “ಮುಂದೆ I, ಹಿಂದೆ II. ಬೆರಸಬಾರದು.” ನಾನು ಅದನ್ನು ಪುಟಗಳ ಸಂಖ್ಯೆಯೆಂದು ತಿಳಿದು ದಾಟಿ ಹೋಗಿದ್ದೆ. ಅವನು ಆಸ್ಪತ್ರೆಯಲ್ಲಿದ್ದಾಗ ಗಾಡಿ ಕೆಡಬಾರದೆಂದು ಅದನ್ನು ಒಂದು ಕಡೆ ಸರ್ವೀಸಿಗೆ ಕಳಿಸಿದ್ದವನು ನಾನೇ. ಅಲ್ಲಿ ಎರಡು ಪಿಸ್ಟನ್ನುಗಳನ್ನೂ ಒಂದೇ ಬೋಗುಣಿಯಲ್ಲಿ ತೊಳೆದು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ಸೇರಿಸಿದ್ದಾರೆ. ಅವರನ್ನು ಏನೆನ್ನಲಿ? ಚರ್ಮದ ತಿದಿಯ ಕಾಲವಾಗಿದ್ದರೆ ಬಹುಶಃ ಈ ಬೆರಕೆ ನಡೆದುಹೋಗುತ್ತಿತ್ತು. ಒಂದು ತಿದಿ ಇನ್ನೊಂದರ ಕೆಲಸ ಮಾಡೀತು. ಲೋಹದ ಪಿಸ್ಟನ್ನು ಬಂದಂದಿನಿಂದ ಪ್ರತಿಯೊಂದಕ್ಕೂ ಅದರದೇ ಮನೆ. ಬಿಗಿಯಾದ ಮನೆಯಲ್ಲಿ ಒಂದು ಸಿಕ್ಕಿಕೊಂಡಿತು, ಸಡಿಲವಾದ ಮನೆಯಲ್ಲಿ ಇನ್ನೊಂದರ ಅಂಚಿನಲ್ಲಿ ಗಾಳಿ ಸೋರಿ ಅದು ತಗ್ಗಿ ಕುಳಿತಿತು. ಒಂದು ಕಡೆ ಬಿಳುಪು, ಒಂದು ಕಡೆ ಮಸಿ. ಕಪಾಟಿನ ಪುಸ್ತಕ ಮೂರು ದಿನದ ಹಿಂದೆಯೇ ಹೇಳಿತ್ತು. ಇತಿಹಾಸದ ಮೇಷ್ಟರು ಅದನ್ನು ಇತಿಹಾಸವೆಂದು ಓದಿದ್ದರು.

ಜೋಡಿಗಳನ್ನು ಅವುಗಳ ಮನೆಗೆ ಸೇರಿಸಿದೆ. ಎರಡೂ ಟಕ್ ಎಂದವು. ಆಮೇಲಿನ ಕೆಲಸ ತಾಳ್ಮೆಯದು. ಜೆಟ್ಟಿನ ಕೆಳಗಿರುವ ಆರು ಮೂಲೆಯ ನಟ್ಟನ್ನು ಮೇಲಿನ ಕೊನೆಗೆ ತಿರುಗಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಹನ್ನೆರಡು ಮುಖ, ಇಳಿಸಿ ಆರಂಭಿಸಬೇಕು. ಇಳಿಸಿದಷ್ಟೂ ಪೆಟ್ರೋಲು ಹೆಚ್ಚು. ಎಂಜಿನ್ನು ಬಿಸಿಯಾದ ಮೇಲೆ, ಎರಡು ಬಾಗಿಲುಗಳನ್ನು ಕೂಡಿಸುವ ಕಂಬಿಯ ಹಿಡಿತವನ್ನು ಸಡಿಲಿಸಿ, ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ತಿರುಪುಗಳನ್ನು ಹೊಂದಿಸಬೇಕು. ಅಳೆಯಲು ಅಣ್ಣನ ಉಪಕರಣವೆಂದರೆ ಅಡಿಗೆಮನೆಯ ಗ್ಯಾಸಿನ ಹಳೆಯ ರಬ್ಬರು ಕೊಳವೆ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಒಳಗೆ ಹಾವು ಬುಸುಗುಟ್ಟಿದಂತೆ ಸದ್ದು. ಎರಡು ಹಾವುಗಳ ಶ್ರುತಿಯೂ ಒಂದಾಗುವವರೆಗೆ ಕೂಡಿಸಿ, ಆಮೇಲೆ ಹಿಡಿತ ಬಿಗಿಯಬೇಕು.

ಕೊನೆಯದು ಹದದ ಪರೀಕ್ಷೆ. ತೆಳುವಾದ ಸ್ಕ್ರೂಡ್ರೈವರಿನಿಂದ ಒಂದು ಪಿಸ್ಟನ್ನನ್ನು ಇಂಚಿನ ಮೂವತ್ತೆರಡನೇ ಒಂದು ಭಾಗ ಎತ್ತಿದರೆ ಎಂಜಿನ್ನಿನ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲು ಹೆಚ್ಚು. ಎಂಜಿನ್ನು ನಿಂತೇಹೋದರೆ ಕಡಿಮೆ. ಒಂದು ಕ್ಷಣ ಏರಿದಂತೆ ಮಾಡಿ ಮತ್ತೆ ತನ್ನ ನಡೆಗೆ ಬಂದರೆ ಹದ. ಒಂದೊಂದೇ ಮುಖ ತಿರುಗಿಸುತ್ತ, ಕೇಳುತ್ತ, ಮಧ್ಯಾಹ್ನವಾಯಿತು. ಅಣ್ಣನ ಪುಸ್ತಕದಲ್ಲಿ ಮುಂದೆ ಹನ್ನೊಂದು, ಹಿಂದೆ ಹನ್ನೆರಡು ಮುಖವೆಂದಿತ್ತು. ನನಗೆ ಎರಡೂ ಕಡೆ ಒಂದೊಂದು ಮುಖ ಹೆಚ್ಚೇ ಬೇಕಾಯಿತು. ಕೈ ತಪ್ಪಿದೆಯೆಂದು ಮತ್ತೆ ಮೊದಲಿನಿಂದ ಮಾಡಿದೆ, ಅದೇ ಉತ್ತರ. ಮೇಸ್ತ್ರಿ ನಕ್ಕರು. “ಅವರ ಕಾಲದ ಪೆಟ್ರೋಲ್ ಬೇರೆ ಸಾರ್. ಈಗಿನದರಲ್ಲಿ ಎಥನಾಲ್ ಇದೆ.” ನಿಜ. ಐದರಲ್ಲಿ ಒಂದು ಪಾಲು ಎಥನಾಲ್ ಬೆರೆತ ಪೆಟ್ರೋಲು ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಬೇಕು. ಅಣ್ಣನ ಅಂಕಿಯ ಕೆಳಗೆ ನನ್ನದನ್ನೂ ವರ್ಷ ಸಹಿತ ಬರೆದಿಟ್ಟೆ.

ಗಾಡಿ ಹಚ್ಚಿಕೊಂಡೇ ಇತ್ತು. ಅತ್ತಿಗೆ ಕಾಫಿ ತಂದವರು ಲೋಟವನ್ನು ನನ್ನ ಕೈಗೆ ಕೊಡದೆ ಮಡ್‌ಗಾರ್ಡಿನ ಮೇಲೆ ಇಟ್ಟರು. ಬಿಟ್ಟ ಕೈಯನ್ನು ಹತ್ತಿರದಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ನಾನು ಕೀಲಿ ತಿರುಗಿಸಲು ಹೋದೆ. “ಇರಲಿ ಬಿಡು, ಈಗಲೇ ಆರಿಸಬೇಡ” ಎಂದರು.

ಆ ಗೃಹಸ್ಥರು ಹೇಳಿದ ದಿನಕ್ಕೇ ಬಂದರು. ಬಾನೆಟ್ಟು ತೆರೆದು ಕೇಳಿದರು, ಮೊದಲು ಹೇಳಿದ್ದ ಪೂರ್ತಿ ಬೆಲೆಯನ್ನೇ ಕೊಟ್ಟರು. ಕೀಲಿಕೈಯ ಜೊತೆ ರಬ್ಬರು ಕೊಳವೆಯನ್ನೂ ಕೊಟ್ಟು, ಗೀರುಗಳನ್ನು ಬೆರಳಿಟ್ಟು ತೋರಿಸಿದೆ. ನೋಟುಪುಸ್ತಕವನ್ನೂ ಕೇಳಿದರು. ಅದನ್ನು ಅತ್ತಿಗೆ ಕೊಡಲಿಲ್ಲ. ಒಳರಟ್ಟಿನ ಸಾಲನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಟ್ಟರು.